ವೈರಸ್ ಬಂದದ್ದು ಮೊದಲು ಯಾರಿಗೆ ತಿಳಿಯುತ್ತದೆ? – ಒಂದು ಹಳೆಯ ಪ್ರಶ್ನೆಯ ಚರಿತ್ರೆ

1987ರ ಮಳೆಗಾಲದ ಒಂದು ಮಧ್ಯಾಹ್ನ. ಮಲೆನಾಡಿನ ಆ ಪ್ರೌಢಶಾಲೆಯ ಹತ್ತನೆಯ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಕೆಮ್ಮುತ್ತ, ಸೀನುತ್ತ ಕುಳಿತಿದ್ದರು. ಹೆಂಚಿನ ಮೇಲೆ ಸುರಿಯುತ್ತಿದ್ದ ಮಳೆಯ ಸದ್ದಿನಲ್ಲಿ ನನ್ನ ಧ್ವನಿ ಹಿಂದಿನ ಬೆಂಚಿಗೆ ತಲುಪುತ್ತಿತ್ತೋ ಇಲ್ಲವೋ. ಅಂದಿನ ಪಾಠ ರೋಗನಿರೋಧಕ ಶಕ್ತಿ. ಬಿಳಿ ರಕ್ತಕಣಗಳು ದೇಹದ ಸೈನಿಕರು, ಪ್ರತಿಕಾಯಗಳು ಅವರ ಆಯುಧಗಳು, ಹೊಸ ರೋಗಾಣುವಿಗೆ ತಕ್ಕ ಪ್ರತಿಕಾಯಗಳು ಸಾಕಷ್ಟು ತಯಾರಾಗಲು ಒಂದು ವಾರವಾದರೂ ಬೇಕು ಎಂದು ಕರಿಹಲಗೆಯ ಮೇಲೆ ಬರೆದೆ. ಎರಡನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

"ಸರ್, ನಂಗೆ ನೆಗಡಿ ನಾಕೇ ದಿನಕ್ಕೆ ಕಮ್ಮಿ ಆಗುತ್ತಲ್ಲ? ಪ್ರತಿಕಾಯ ಬರೋವರೆಗೆ ಕಾಯೋರು ಯಾರು? ವೈರಸ್ ಬಂದಿದೆ ಅಂತ ಮೊದ್ಲು ಗೊತ್ತಾಗೋದು ಯಾರಿಗೆ?"

ಬಿ.ಎಡ್. ಓದುವಾಗ ನಮ್ಮ ಅಧ್ಯಾಪಕರು ಪದೇ ಪದೇ ಹೇಳುತ್ತಿದ್ದರು: ತಿಳಿಯದ ಪ್ರಶ್ನೆ ಬಂದರೆ ತಿಳಿಯದೆಂದು ಒಪ್ಪಿಕೊಳ್ಳಿ, ಹುಡುಕಿ ನಾಳೆ ಹೇಳುತ್ತೇನೆ ಎನ್ನಿ. ನಾನು ಹಾಗೆ ಮಾಡಲಿಲ್ಲ. "ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೊ" ಎಂದೆ. ತರಗತಿ ನಕ್ಕಿತು. ಹುಡುಗ ಕುಳಿತ.

ನಿವೃತ್ತನಾದ ಮೇಲೆ, ಓದಲು ಬಿಡುವು ದೊರೆತಾಗ, ನಾನು ಮೊದಲು ಹುಡುಕಿದ್ದು ಈ ಪ್ರಶ್ನೆಯ ಉತ್ತರವನ್ನೇ. ಆಗ ತಿಳಿದ ಸಂಗತಿ ನನ್ನನ್ನು ಬೆರಗುಗೊಳಿಸಿತು. ಹುಡುಗನ ಪ್ರಶ್ನೆಗೆ ಅಂದು ಪೂರ್ಣ ಉತ್ತರ ಜಗತ್ತಿನ ಯಾವ ವಿಶ್ವವಿದ್ಯಾಲಯದಲ್ಲಿಯೂ ಇರಲಿಲ್ಲ. ಅರ್ಧ ಉತ್ತರ ಮೂವತ್ತು ವರ್ಷಗಳಿಂದ ಇತ್ತು. ಅದು ನನಗೆ ತಿಳಿದಿರಲಿಲ್ಲ, ಅಷ್ಟೆ. ಇನ್ನರ್ಧದ ಬಗ್ಗೆ ಪ್ರಪಂಚದ ದೊಡ್ಡ ವಿದ್ವಾಂಸರೂ ಹೆಚ್ಚುಕಡಮೆ ನನ್ನಂತೆಯೇ "ಕೂತ್ಕೊ" ಎನ್ನುತ್ತಿದ್ದರು. ಆ ಕಥೆಯನ್ನು ತಡವಾಗಿಯಾದರೂ ಹೇಳಿಬಿಡುತ್ತೇನೆ.

ಸೈನಿಕರ ಕಲ್ಪನೆ ಹಳೆಯದು. 1882ರಲ್ಲಿ ಇಟಲಿಯ ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣದಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ರಷ್ಯನ್ ಪ್ರಾಣಿಶಾಸ್ತ್ರಜ್ಞ, ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದ ದಿನ, ನಕ್ಷತ್ರಮೀನಿನ ಪಾರದರ್ಶಕ ಮರಿಗಳ ಮೈಗೆ ಗುಲಾಬಿ ಮುಳ್ಳು ಚುಚ್ಚಿ ಕಾದ. ಮರುದಿನ ಬೆಳಗ್ಗೆ ಮುಳ್ಳಿನ ಸುತ್ತ ಚಲಿಸುವ ಕೋಶಗಳು ಮುತ್ತಿಕೊಂಡಿದ್ದವು. ಪರಕೀಯ ವಸ್ತುವನ್ನು ನುಂಗುವ ಈ 'ಭಕ್ಷಕ ಕೋಶ'ಗಳ ಶೋಧಕ್ಕಾಗಿ 1908ರಲ್ಲಿ ಅವನಿಗೆ ನೊಬೆಲ್ ಬಂದಿತು. ಪ್ರತಿಕಾಯಗಳ ಪಕ್ಷದ ಪಾಲ್ ಎರ್ಲಿಖ್ ಜೊತೆ ಹಂಚಿಕೊಳ್ಳಬೇಕಾಯಿತು. ಮುಂದಿನ ಅರ್ಧ ಶತಮಾನ ಗೆದ್ದದ್ದು ಎರ್ಲಿಖ್‌ನ ಪಕ್ಷವೇ. ಪ್ರತಿಕಾಯಗಳೇ ಎಲ್ಲರ ಗಮನ ಸೆಳೆದವು. ನಮ್ಮ ಪಠ್ಯಪುಸ್ತಕವೂ ಆ ಸಾಲಿನದೇ. ಅಲ್ಲದೆ ಮುಳ್ಳು ಕಣ್ಣಿಗೆ ಕಾಣುವಂಥದು. ವೈರಸ್ಸಾದರೋ ಜೀವಕೋಶದ ಒಳಗೇ ಹೊಕ್ಕು ಅಲ್ಲಿಯ ಸಾಮಗ್ರಿಯಿಂದಲೇ ಸಂತಾನ ಬೆಳೆಸುವಂಥದು. ಅದನ್ನು ಗುರುತಿಸುವವರು ಯಾರು?

ಅರ್ಧ ಉತ್ತರ ದೊರೆತದ್ದು ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನ ಸಂಸ್ಥೆಯಲ್ಲಿ. ಒಂದು ವೈರಸ್ ತಗಲಿದ ಕೋಶಕ್ಕೆ ಇನ್ನೊಂದು ವೈರಸ್ ಸುಲಭವಾಗಿ ತಗಲುವುದಿಲ್ಲ ಎಂಬ ವಿಚಿತ್ರ 1930ರ ದಶಕದಿಂದಲೇ ತಿಳಿದಿತ್ತು. ಮೊದಲು ಬಂದ ವೈರಸ್ ಬಾಗಿಲಿಗೆ ಅಡ್ಡ ನಿಲ್ಲುತ್ತದೆಯೆಂದು ಕೆಲವರು ಊಹಿಸಿದ್ದರು. ಗ್ಲಾಸ್ಗೋದಲ್ಲಿ ಹುಟ್ಟಿದ ಆಲಿಕ್ ಐಸಾಕ್ಸ್ ಎಂಬಾತ ಬಹುಕಾಲದಿಂದ ಇದರ ಬೆನ್ನು ಹತ್ತಿದ್ದ. 1956ರಲ್ಲಿ ಸ್ವಿಟ್ಸರ್ಲೆಂಡಿನಿಂದ ಜಾನ್ ಲಿಂಡೆನ್‌ಮನ್ ಎಂಬ ತರುಣ ಅಲ್ಲಿಗೆ ಬಂದ. ಅವನ ತಲೆಯಲ್ಲೂ ಇದೇ ಹುಳ.

ಅವರು ಮಾಡಿದ ಪ್ರಯೋಗ ಎಷ್ಟು ಸರಳವೆಂದರೆ ನಮ್ಮ ಹೈಸ್ಕೂಲಿನ ಮಕ್ಕಳಿಗೂ ಅದರ ತರ್ಕ ಅರ್ಥವಾಗುತ್ತದೆ. ಕಾವು ಕೊಟ್ಟ ಕೋಳಿಮೊಟ್ಟೆಯ ಒಳಪೊರೆಯ ಚೂರುಗಳನ್ನು ತೆಗೆದರು. ಬಿಸಿಮಾಡಿ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜ ವೈರಸ್ಸನ್ನು ಅವಕ್ಕೆ ಸೋಕಿಸಿದರು. ಬಳಿಕ ಪೊರೆಯನ್ನು ತೊಳೆದು, ಹೊಸ ದ್ರವದಲ್ಲಿ ಹಲವು ಗಂಟೆ ಬಿಟ್ಟರು. ಆಮೇಲೆ ಪೊರೆಯನ್ನು ಎಸೆದು ದ್ರವವನ್ನು ಮಾತ್ರ ಇಟ್ಟುಕೊಂಡರು. ಆ ದ್ರವದಲ್ಲಿ ಬೇರೆ ಹೊಸ ಪೊರೆಯ ಚೂರುಗಳನ್ನು ನೆನೆಸಿ, ಅವುಗಳ ಮೇಲೆ ಜೀವಂತ ವೈರಸ್ಸನ್ನು ಬಿಟ್ಟರು. ವೈರಸ್ ಬೆಳೆಯಲಿಲ್ಲ! ಅಂದರೆ ಬಾಗಿಲಿಗೆ ಅಡ್ಡ ನಿಂತದ್ದು ಮೊದಲ ವೈರಸ್ಸಲ್ಲ. ಸೋಂಕಿದ ಕೋಶವೇ ಏನನ್ನೋ ಹೊರಕ್ಕೆ ಸುರಿಸಿತ್ತು. ವೈರಸ್ಸನ್ನೇ ಕಾಣದ ಹೊಸ ಕೋಶಗಳು ಅದರಿಂದ ಎಚ್ಚೆತ್ತುಕೊಂಡಿದ್ದವು. ಅಡ್ಡಿಪಡಿಸುವುದು ಎಂಬರ್ಥದ ಇಂಗ್ಲಿಷ್ ಪದದಿಂದ ಅದಕ್ಕೆ 'ಇಂಟರ್‌ಫೆರಾನ್' ಎಂದು ಹೆಸರಿಟ್ಟು 1957ರಲ್ಲಿ ಪ್ರಕಟಿಸಿದರು.

ನಾನು ಚಿಕ್ಕವನಾಗಿದ್ದಾಗ ನಮ್ಮೂರಿನಲ್ಲಿ ಹುಲ್ಲು ಹೊದೆಸಿದ ಮನೆಗಳೇ ಹೆಚ್ಚು. ಒಂದು ಮನೆಗೆ ಬೆಂಕಿ ಬಿದ್ದರೆ ಆ ಮನೆಯವರು ಹೊಯ್ಯೋ ಎಂದು ಕೂಗಿಕೊಳ್ಳುವರು. ಆ ಮನೆ ಉಳಿಯುವುದು ಕಷ್ಟವೇ. ಆದರೆ ಕೂಗು ಕೇಳಿದ ಅಕ್ಕಪಕ್ಕದವರು ಕೊಡಗಳಲ್ಲಿ ನೀರು ತಂದು ತಮ್ಮ ತಮ್ಮ ಮಾಡಿಗೆ ಸುರಿದುಕೊಳ್ಳುವರು. ಬೆಂಕಿ ಮುಂದಕ್ಕೆ ಹಬ್ಬುವುದಿಲ್ಲ. ಇಂಟರ್‌ಫೆರಾನ್ ಎಂದರೆ ಆ ಕೂಗು. ಅದು ವೈರಸ್ಸನ್ನು ಕೊಲ್ಲುವ ವಿಷವಲ್ಲ. ನೆರೆಯವರ ಮಾಡನ್ನು ತೋಯಿಸುವ ಸೂಚನೆ.

ಇಷ್ಟು ಸ್ಪಷ್ಟವಾದ ವಿಷಯವನ್ನು ವಿಜ್ಞಾನಿಗಳು ಕೂಡಲೇ ಒಪ್ಪಿಕೊಂಡರೆಂದು ತಿಳಿಯಬೇಡಿ. ಕೋಶ ಅದನ್ನು ತಯಾರಿಸುವುದು ಅತ್ಯಲ್ಪ ಪ್ರಮಾಣದಲ್ಲಿ. ಶುದ್ಧ ರೂಪದಲ್ಲಿ ಹಿಡಿದು ತೋರಿಸಲು 1970ರ ದಶಕದ ಕೊನೆಯವರೆಗೆ ಯಾರಿಂದಲೂ ಆಗಲಿಲ್ಲ. ಹಿಡಿಯಲಾಗದ ವಸ್ತುವನ್ನು ನಂಬುವುದೆಂತು? ತಪ್ಪು ಅರ್ಥೈಸಿದ್ದೆಂಬ ಧ್ವನಿ ಬರುವಂತೆ 'ಮಿಸ್‌ಇಂಟರ್‌ಪ್ರೆಟಾನ್' ಎಂದು ಹಾಸ್ಯ ಮಾಡಿದವರುಂಟು. ಇನ್ನು ನ್ಯಾಯದ ಮಾತು. ಟೋಕಿಯೊದಲ್ಲಿ ಯಾಸುಇಚಿ ನಗಾನೊ ಮತ್ತು ಯಾಸುಹಿಕೊ ಕೊಜಿಮ ಎಂಬಿಬ್ಬರು ಮೊಲದ ಚರ್ಮದ ಮೇಲೆ ಪ್ರಯೋಗ ನಡೆಸಿ, ವೈರಸ್ಸನ್ನು ತಡೆಯುವ ಇಂಥದೇ ಅಂಶವೊಂದನ್ನು 1954ರಲ್ಲೇ ವರದಿ ಮಾಡಿದ್ದರು. ಅವರು ಬರೆದದ್ದು ಫ್ರೆಂಚ್ ಭಾಷೆಯಲ್ಲಿ. ಹೆಚ್ಚು ಜನ ಓದಲಿಲ್ಲ. ಯಾವ ಭಾಷೆಯಲ್ಲಿ ಬರೆದೆವು ಎಂಬುದರ ಮೇಲೆ ಕೀರ್ತಿ ನಿಂತಿರುತ್ತದೆ ಎಂಬುದು ಕನ್ನಡದಲ್ಲಿ ವಿಜ್ಞಾನ ಬರೆಯುವ ನಮಗೆ ಹೊಸ ಸಂಗತಿಯೇನಲ್ಲ.

ಐಸಾಕ್ಸ್ 1967ರಲ್ಲಿ, ಕೇವಲ 45ನೆಯ ವಯಸ್ಸಿನಲ್ಲಿ ತೀರಿಕೊಂಡ. ತನ್ನ ಕೂಸು ನಿಜವೆಂದು ಜಗತ್ತು ಪೂರ್ತಿ ಒಪ್ಪಿದ್ದನ್ನು ಅವನು ಕಾಣಲಿಲ್ಲ. ಮುಂದೆ ಫಿನ್ಲೆಂಡಿನಲ್ಲಿ ಕಾರಿ ಕಾಂಟೆಲ್ ಎಂಬ ವೈದ್ಯ, ದಾನಿಗಳ ರಕ್ತದ ಬಿಳಿಕಣಗಳಿಂದ ವರ್ಷಗಟ್ಟಲೆ ಶ್ರಮಿಸಿ ಇಂಟರ್‌ಫೆರಾನ್ ತೆಗೆದ. 1980ರ ಹೊತ್ತಿಗೆ ಅದರ ಜೀನನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿ ಬೇಕಾದಷ್ಟು ತಯಾರಿಸುವ ದಾರಿ ತೆರೆಯಿತು. ಕ್ಯಾನ್ಸರಿಗೆ ರಾಮಬಾಣವೆಂಬ ಗದ್ದಲವೆದ್ದು ತಣ್ಣಗಾಯಿತು. ಹೆಪಟೈಟಿಸ್ ಸಿ ರೋಗಿಗಳಿಗೆ ಮಾತ್ರ ಅದು ದೀರ್ಘಕಾಲ ಮುಖ್ಯ ಔಷಧವಾಗಿತ್ತು. ಇಂಟರ್‌ಫೆರಾನ್ ಚುಚ್ಚುಮದ್ದು ತೆಗೆದುಕೊಂಡವರಿಗೆ ಆಗುತ್ತಿದ್ದುದೇನು ಗೊತ್ತೆ? ಚಳಿ, ಜ್ವರ, ಮೈಕೈ ನೋವು, ಸುಸ್ತು, ಯಾವುದರಲ್ಲೂ ಮನಸ್ಸಿಲ್ಲದಿರುವುದು. ವೈರಸ್ಸೇ ಇಲ್ಲದೆ ಫ್ಲೂ! ನಮಗೆ ಜ್ವರ ಬಂದಾಗಿನ ಸಂಕಟದ ಬಹುಪಾಲು ವೈರಸ್ ಕೊಟ್ಟದ್ದಲ್ಲ, ನಮ್ಮ ದೇಹವೇ ಹೊಯ್ಯೋ ಎಂದು ಕೂಗಿಕೊಂಡದ್ದು. ಕೆಮ್ಮುತ್ತ ಕುಳಿತಿದ್ದ ಆ ಮಕ್ಕಳಿಗೆ ನಾನು ಇದಿಷ್ಟನ್ನಾದರೂ ಹೇಳಬಹುದಾಗಿತ್ತು.

ಹಾಗಾದರೆ ಕೂಗುವ ಮುನ್ನ ಮನೆಯವನಿಗೆ ಬೆಂಕಿ ಬಿದ್ದದ್ದು ತಿಳಿಯಬೇಕಲ್ಲ? ಇದೇ ಹುಡುಗನ ನಿಜವಾದ ಪ್ರಶ್ನೆ. ಐಸಾಕ್ಸ್ ಕಾಲವಾದ 1967ರಲ್ಲೇ ಅಮೆರಿಕದ ಮಾರಿಸ್ ಹಿಲ್ಲೆಮನ್ ತಂಡದವರು ಒಂದು ಸುಳಿವು ಕೊಟ್ಟಿದ್ದರು: ವೈರಸ್ ಇಲ್ಲದಿದ್ದರೂ, ಎರಡೆಳೆಯ ಆರ್‌ಎನ್‌ಎ ಎಂಬ ರಾಸಾಯನಿಕವನ್ನು ಕೊಟ್ಟರೆ ಸಾಕು, ಕೋಶಗಳು ಇಂಟರ್‌ಫೆರಾನ್ ಸುರಿಸುತ್ತವೆ. ಆದರೆ ಆ ಆರ್‌ಎನ್‌ಎಯನ್ನು ಮುಟ್ಟಿ ಗುರುತಿಸುವ ಕೈ ಯಾವುದು? ಆ ಪ್ರಶ್ನೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಾಗೆಯೇ ಉಳಿಯಿತು.

ಹುಡುಗ ಕೇಳಿದ ಎರಡು ವರ್ಷಗಳ ಬಳಿಕ, 1989ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್‌ವೇ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ವಿದ್ವತ್ಸಭೆಯ ಸಂಪುಟದಲ್ಲಿ ಒಂದು ಲೇಖನ ಬರೆದ. ಶುದ್ಧ ಪ್ರೋಟೀನನ್ನು ಪ್ರಾಣಿಗೆ ಚುಚ್ಚಿದರೆ ಪ್ರತಿಕಾಯಗಳು ಸರಿಯಾಗಿ ಹುಟ್ಟುವುದಿಲ್ಲ. ಅದರ ಜೊತೆ ಸತ್ತ ಬ್ಯಾಕ್ಟೀರಿಯದಂಥ ಕೊಳಕನ್ನು ಬೆರೆಸಲೇಬೇಕು. ಪ್ರಯೋಗಾಲಯದಲ್ಲಿ ಎಲ್ಲರೂ ಮಾಡುತ್ತಿದ್ದುದು ಹಾಗೆಯೇ, ಏಕೆಂದು ಯಾರೂ ಕೇಳುತ್ತಿರಲಿಲ್ಲ. ಇದು ನಮ್ಮ ಶಾಸ್ತ್ರದ ನಾಚಿಕೆಗೇಡಿನ ಗುಟ್ಟು ಎಂದು ಜೇನ್‌ವೇ ಬಹಿರಂಗವಾಗಿ ಒಪ್ಪಿಕೊಂಡ. ಪ್ರತಿಕಾಯಗಳ ಪಡೆ ಏಳುವ ಮೊದಲೇ, ಹುಟ್ಟಿನಿಂದ ಬಂದ ಇನ್ನೊಂದು ಕಾವಲು 'ಬಂದದ್ದು ಅಪಾಯಕಾರಿ' ಎಂದು ಸಾರಬೇಕು; ಅದಕ್ಕಾಗಿ ಸೂಕ್ಷ್ಮಜೀವಿಗಳ ಬದಲಾಗದ ಗುರುತುಗಳನ್ನು ಹಿಡಿಯುವ ಗ್ರಾಹಕಗಳು ನಮ್ಮಲ್ಲಿ ಇರಲೇಬೇಕು ಎಂದು ಅವನು ವಾದಿಸಿದ. ಕೈಯಲ್ಲಿ ಪುರಾವೆ ಇರಲಿಲ್ಲ. ಬಹಳ ಮಂದಿ ಓದಿ ಪಕ್ಕಕ್ಕಿಟ್ಟರು. ಮಾಸ್ಕೋದಲ್ಲಿ ಓದುತ್ತಿದ್ದ, ತಾಷ್ಕೆಂಟಿನ ರುಸ್ಲಾನ್ ಮೆಡ್‌ಜಿಟೋವ್ ಎಂಬ ವಿದ್ಯಾರ್ಥಿಯೊಬ್ಬ ಮಾತ್ರ ಅದನ್ನು ಓದಿ ಜೇನ್‌ವೇಗೆ ಪತ್ರ ಬರೆದ, ಮುಂದೆ ಅವನ ಪ್ರಯೋಗಾಲಯಕ್ಕೇ ಬಂದು ಸೇರಿದ.

ಪುರಾವೆ ಬಂದದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ, ಹಣ್ಣಿನ ನೊಣದಿಂದ. ನೊಣದ ಭ್ರೂಣದಲ್ಲಿ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ನಿರ್ಧರಿಸುವ ಜೀನೊಂದಕ್ಕೆ ಜರ್ಮನಿಯ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಡ್ ಮತ್ತು ಸಂಗಡಿಗರು 'ಟೋಲ್' ಎಂದು ಹೆಸರಿಟ್ಟಿದ್ದರು; ಜರ್ಮನ್ ಭಾಷೆಯಲ್ಲಿ 'ಭಲೇ' ಎನ್ನುವಂಥ ಉದ್ಗಾರವದು. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ಜೂಲ್ ಹಾಫ್‌ಮನ್ ಪ್ರಯೋಗಾಲಯದಲ್ಲಿ ಬ್ರೂನೋ ಲೆಮೈತ್ರ್ ಮತ್ತು ಜೊತೆಗಾರರು, ಟೋಲ್ ಕೆಟ್ಟ ನೊಣಗಳು ಬೂಷ್ಟು ಹಿಡಿದು ಸಾಯುತ್ತವೆಂದು ತೋರಿಸಿದರು. ಮೈತುಂಬ ಬೂಷ್ಟು ಬೆಳೆದ ಆ ಸತ್ತ ನೊಣದ ಚಿತ್ರ ಬಹಳ ಪ್ರಸಿದ್ಧ. ಮರುವರ್ಷವೇ ಮೆಡ್‌ಜಿಟೋವ್ ಮತ್ತು ಜೇನ್‌ವೇ ಮನುಷ್ಯನಲ್ಲೂ ಟೋಲ್‌ನ ಬಂಧು ಇದೆಯೆಂದು ಪ್ರಕಟಿಸಿದರು. 1998ರಲ್ಲಿ ಡಲ್ಲಾಸಿನ ಬ್ರೂಸ್ ಬ್ಯೂಟ್ಲರ್, ಅಂಥ ಗ್ರಾಹಕವೊಂದು ಬ್ಯಾಕ್ಟೀರಿಯದ ಹೊರಕವಚದ ವಿಷವನ್ನು ಗುರುತಿಸುತ್ತದೆಂದು ಕಂಡುಹಿಡಿದ. ಹಾಫ್‌ಮನ್ ಮತ್ತು ಬ್ಯೂಟ್ಲರ್‌ಗೆ 2011ರಲ್ಲಿ ನೊಬೆಲ್ ದೊರೆಯಿತು. ಜೇನ್‌ವೇ 2003ರಲ್ಲೇ ತೀರಿಹೋಗಿದ್ದ; ಮೆಡ್‌ಜಿಟೋವ್‌ಗೆ ಬರಲಿಲ್ಲ. ಅದು ಸರಿಯಲ್ಲವೆಂದು ಹಲವು ವಿಜ್ಞಾನಿಗಳು ಬಹಿರಂಗವಾಗಿಯೇ ಬರೆದರು. ನನಗೂ ಹಾಗೇ ಅನ್ನಿಸುತ್ತದೆ. ಮೊದಲು ಪ್ರಶ್ನೆ ಎತ್ತಿದವನ ಹೆಸರು ಪಟ್ಟಿಯಲ್ಲಿ ಉಳಿಯುವುದಿಲ್ಲ.

ಬೂಷ್ಟು, ಬ್ಯಾಕ್ಟೀರಿಯ ಸರಿ. ಅವುಗಳ ಕವಚ ನಮ್ಮಲ್ಲಿಲ್ಲದ ವಸ್ತುಗಳಿಂದಾದುದು, ಗುರುತು ಸುಲಭ. ವೈರಸ್ಸಿನ ತೊಡಕೇ ಬೇರೆ. ಅದರ ಮೈ ತಯಾರಾಗುವುದು ನಮ್ಮ ಕೋಶದಲ್ಲೇ, ನಮ್ಮ ಸಾಮಗ್ರಿಯಿಂದಲೇ. ಅದರ ಆರ್‌ಎನ್‌ಎ ಅಥವಾ ಡಿಎನ್‌ಎಯ ಅಕ್ಷರಗಳು ನಮ್ಮ ಅಕ್ಷರಗಳೇ. ಕಳ್ಳ ನಮ್ಮದೇ ಬಟ್ಟೆ ತೊಟ್ಟು ಬಂದಂತೆ. ಹೀಗಿರಲಾಗಿ ಕೋಶ ಏನನ್ನು ನೋಡಿ ಬೆಚ್ಚುತ್ತದೆ?

ಉತ್ತರ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ತುಣುಕುತುಣುಕಾಗಿ ಬಂದಿದೆ. ಚಪ್ಪಲಿ ಕೆಟ್ಟ ವಸ್ತುವಲ್ಲ. ಎಲ್ಲರ ಮನೆಯಲ್ಲೂ ಇರುತ್ತದೆ. ಅದೇ ಚಪ್ಪಲಿ ದೇವರ ಕೋಣೆಯಲ್ಲಿ ಕಂಡರೆ ಮನೆಯೊಡತಿಗೆ ಕೂಡಲೇ ತಿಳಿಯುತ್ತದೆ, ಯಾರೋ ಹೊರಗಿನವರು ಒಳಗೆ ಬಂದಿದ್ದಾರೆಂದು. ಜೀವಕೋಶ ಮಾಡುವುದೂ ಇದನ್ನೇ. ವಸ್ತು ಯಾವುದು ಎನ್ನುವುದಕ್ಕಿಂತ ಅದು ಎಲ್ಲಿದೆ, ಯಾವ ಆಕಾರದಲ್ಲಿದೆ ಎಂದು ನೋಡುತ್ತದೆ. ನಮ್ಮ ಡಿಎನ್‌ಎ ಇರಬೇಕಾದ್ದು ಕೋಶಕೇಂದ್ರದಲ್ಲಿ, ಮೈಟೊಕಾಂಡ್ರಿಯದಲ್ಲಿ. ಹೊರಗಿನ ಕೋಶದ್ರವ್ಯದಲ್ಲಿ ಡಿಎನ್‌ಎ ಕಂಡಿತೋ, ಸಿಜಿಎಎಸ್ ಎಂಬ ಕಿಣ್ವ ಅದನ್ನು ಹಿಡಿದು, ಒಂದು ಪುಟ್ಟ ಸಂದೇಶ ಅಣುವನ್ನು ತಯಾರಿಸಿ ಕೂಗಿಗೆ ಚಾಲನೆ ಕೊಡುತ್ತದೆ. ಡಲ್ಲಾಸಿನ ಝಿಜಿಯಾನ್ ಚೆನ್ ತಂಡ ಇದನ್ನು ಪ್ರಕಟಿಸಿದ್ದು 2013ರ ಸುಮಾರಿಗೆ. ಅದಕ್ಕಾಗಿ ಚೆನ್‌ಗೆ 2024ರಲ್ಲಿ ಲಾಸ್ಕರ್ ಪ್ರಶಸ್ತಿ ಬಂದಿತು.

ಆರ್‌ಎನ್‌ಎಯಾದರೆ ನಮ್ಮ ಕೋಶದ್ರವ್ಯದಲ್ಲಿ ಸದಾ ಇರುವಂಥದು. ಅಲ್ಲಿ ಸ್ಥಳ ನೋಡಿದರೆ ಸಾಲದು, ಗುರುತು ನೋಡಬೇಕು. ನಮ್ಮ ಸಂದೇಶವಾಹಕ ಆರ್‌ಎನ್‌ಎ ಎಳೆಯ ತುದಿಗೆ ಒಂದು ರಾಸಾಯನಿಕ ಟೊಪ್ಪಿಗೆ ತೊಡಿಸಿಯೇ ಕೋಶಕೇಂದ್ರದಿಂದ ಹೊರಕ್ಕೆ ಕಳಿಸಲಾಗುತ್ತದೆ. ಇನ್‌ಫ್ಲುಯೆಂಜದಂಥ ವೈರಸ್ಸಿನ ಆರ್‌ಎನ್‌ಎ ಬೋಳುತಲೆಯದು, ತುದಿಯಲ್ಲಿ ಮೂರು ಫಾಸ್ಫೇಟುಗಳು ಹಾಗೆಯೇ ಚಾಚಿಕೊಂಡಿರುತ್ತವೆ. 2004ರಲ್ಲಿ ಜಪಾನಿನ ತಕಾಶಿ ಫುಜಿತ ತಂಡ 'ರಿಗ್-ಐ' ಎಂಬ ಕಾವಲುಗಾರ ಪ್ರೋಟೀನನ್ನು ಕಂಡುಹಿಡಿಯಿತು; ಅದು ಈ ಬೋಳುತಲೆಯನ್ನೇ ಹಿಡಿಯುತ್ತದೆಂದು 2006ರಲ್ಲಿ ತಿಳಿಯಿತು. ಉದ್ದನೆಯ ಎರಡೆಳೆ ಆರ್‌ಎನ್‌ಎಗೆ ಬೇರೆ ಕಾವಲುಗಾರನಿದ್ದಾನೆ. ಕೋಶವು ಹೊರಗಿನಿಂದ ನುಂಗಿಕೊಂಡ ಕೋಶಕಗಳಲ್ಲಿ ಟೋಲ್ ಬಳಗದವರು ಪಹರೆ ಇದ್ದಾರೆ. ಹಿಲ್ಲೆಮನ್ ತಂಡದ ಎರಡೆಳೆ ಆರ್‌ಎನ್‌ಎಯನ್ನು ಮುಟ್ಟುವ ಕೈಗಳಲ್ಲಿ ಒಂದು ಟೋಲ್-3 ಎಂದು 2001ರಲ್ಲಿ ಗೊತ್ತಾಯಿತು. ರಿಗ್-ಐಯಿಂದ ಸುದ್ದಿ ಪಡೆಯುವ ಮುಂದಿನ ಪ್ರೋಟೀನನ್ನು 2005ರಲ್ಲಿ ನಾಲ್ಕು ತಂಡಗಳು ಪ್ರತ್ಯೇಕವಾಗಿ ಕಂಡು ನಾಲ್ಕು ಹೆಸರಿಟ್ಟವು, ಒಂದೇ ಮಗುವಿಗೆ ಅಜ್ಜಿಯರೆಲ್ಲ ಒಂದೊಂದು ಹೆಸರು ಕೂಗಿದಂತೆ! ಅದು ಕುಳಿತಿರುವುದು ಮೈಟೊಕಾಂಡ್ರಿಯದ ಮೇಲೆ. 'ಕೋಶದ ಶಕ್ತಿಕೇಂದ್ರ' ಎಂದು ಮಾತ್ರ ನಾನು ಜೀವಮಾನವಿಡೀ ಪಾಠ ಮಾಡಿದ್ದ ಮೈಟೊಕಾಂಡ್ರಿಯ ಅಪಾಯದ ಗಂಟೆಯ ಕಟ್ಟೆಯೂ ಹೌದೆಂದು ಓದಿದಾಗ, ಎಷ್ಟು ಉತ್ತರಪತ್ರಿಕೆಗಳಿಗೆ ಆ ಎರಡು ಪದಕ್ಕೆ ಅಂಕ ಕೊಟ್ಟೆನೋ ಎಂದು ನಗು ಬಂದಿತು.

ಪ್ರಸಂಗವಶಾತ್ ಒಂದು ಮಾತು. ಈ ಕಾವಲುಗಾರರ ಕಾರಣದಿಂದಲೇ ಆರ್‌ಎನ್‌ಎ ಲಸಿಕೆ ಬಹುಕಾಲ ಕೈಗೂಡಲಿಲ್ಲ. ಹೊರಗೆ ತಯಾರಿಸಿದ ಆರ್‌ಎನ್‌ಎ ಕೋಶಕ್ಕೆ ಕೊಟ್ಟೊಡನೆ ಬೊಬ್ಬೆ ಏಳುತ್ತಿತ್ತು. ಒಂದು ಅಕ್ಷರವನ್ನು ತುಸು ಬದಲಿಸಿದರೆ ಅದು ತಣ್ಣಗಾಗುತ್ತದೆಂದು ಕಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು. 2023ರ ನೊಬೆಲ್ ಅವರದು.

ಇನ್ನು ಕೂಗು ಕೇಳಿದ ನೆರೆಯವರು ಏನು ಮಾಡುತ್ತಾರೆ? ಕೆಲವೇ ಗಂಟೆಗಳಲ್ಲಿ ನೂರಾರು ಜೀನುಗಳು ಎಚ್ಚರಗೊಳ್ಳುತ್ತವೆ. ಒಂದು ಪ್ರೋಟೀನು ವೈರಸ್ಸಿನ ಸುಳಿವು ಸಿಕ್ಕೊಡನೆ ಕೋಶದ ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸುತ್ತದೆ, ಕಳ್ಳನಿಗೆ ಅನ್ನ ಸಿಗದಿರಲೆಂದು ಒಲೆಯನ್ನೇ ಆರಿಸಿದ ಹಾಗೆ. ಇನ್ನೊಂದು ಆರ್‌ಎನ್‌ಎಯನ್ನು ತುಂಡರಿಸುತ್ತದೆ, ನಮ್ಮದು ಅವರದು ಎಂದು ನೋಡದೆ. ಮತ್ತೊಂದರ ಹೆಸರು 'ಎಂಎಕ್ಸ್'. ಇನ್‌ಫ್ಲುಯೆಂಜಕ್ಕೆ ಬಗ್ಗದ ಒಂದು ಇಲಿಯ ತಳಿಯಿಂದ ಅದರ ಸುಳಿವು ಸಿಕ್ಕಿತು. ಆ ಇಲಿಗಳನ್ನು 1960ರ ದಶಕದ ಆರಂಭದಲ್ಲಿ ಗುರುತಿಸಿದವನು ಯಾರೆಂದುಕೊಂಡಿರಿ? ಸ್ವಿಟ್ಸರ್ಲೆಂಡಿಗೆ ಮರಳಿದ್ದ ಅದೇ ಲಿಂಡೆನ್‌ಮನ್! ಆ ರಕ್ಷಣೆಯೂ ಇಂಟರ್‌ಫೆರಾನಿನ ಆಜ್ಞೆಯಿಂದಲೇ ಎಂಬುದು ತಿಳಿದದ್ದು ಆಮೇಲೆ. ಅವನು 2015ರವರೆಗೆ ಬದುಕಿದ್ದ.

ವೈರಸ್ಸುಗಳೇನೂ ಸುಮ್ಮನಿಲ್ಲ. ಇನ್‌ಫ್ಲುಯೆಂಜದ ಒಂದು ಪ್ರೋಟೀನು ಕಾವಲುಗಾರನ ಬಾಯಿ ಮುಚ್ಚಿಸಲೆಂದೇ ಇದೆ. ಕೋವಿಡ್ ವೈರಸ್ ತನ್ನ ಆರ್‌ಎನ್‌ಎಗೆ ನಮ್ಮಂಥದೇ ಟೊಪ್ಪಿಗೆಯನ್ನು ತಾನೇ ಹೊಲಿದು ಹಾಕಿಕೊಳ್ಳುತ್ತದೆ.

ಕೋವಿಡ್ ಎಂದೊಡನೆ ಆ ಹುಡುಗನ ವಿಷಯಕ್ಕೆ ಬರಬೇಕು. 2020ರ ಕೊನೆಯಲ್ಲಿ ಒಂದು ಸಂಜೆ ದೂರವಾಣಿ ಮಾಡಿದ. ಈಗ ಅವನಿಗೂ ತಲೆ ನರೆತಿದೆ. ನನ್ನ ಆರೋಗ್ಯ ವಿಚಾರಿಸಿದ, ಆಮೇಲೆ ಸ್ವಲ್ಪ ತಡೆದು ಹೇಳಿದ: "ಅಣ್ಣ ಹೋಗ್ಬಿಟ್ಟ ಸರ್. ಒಂದೇ ಮನೆ, ಒಟ್ಟಿಗೇ ಊಟ. ನಂಗೆ ಎರಡು ದಿನ ಜ್ವರ, ಅಷ್ಟೆ. ಅವನು ನನಗಿಂತ ಗಟ್ಟಿ ಆಳು. ಹನ್ನೊಂದೇ ದಿನ. ಯಾಕೆ ಸರ್ ಹೀಗೆ?" ಮೂವತ್ತಮೂರು ವರ್ಷಗಳ ಹಿಂದಿನ ಪ್ರಶ್ನೆ ಅವನಿಗೆ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಈ ಸಲ ಮಾತ್ರ ಹುಡುಕಿ ಹೇಳುತ್ತೇನೆ ಎಂದೆ.

ಹುಡುಕಿದಾಗ ದೊರೆತದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರಕಟವಾಗಿದ್ದ ಎರಡು ಸಂಶೋಧನೆಗಳು. ಜಾನ್-ಲೊರಾನ್ ಕಸನೋವ ಎಂಬ ಫ್ರೆಂಚ್ ವೈದ್ಯ ನ್ಯೂಯಾರ್ಕ್ ಮತ್ತು ಪ್ಯಾರಿಸ್‌ಗಳಲ್ಲಿ ಇದ್ದುಕೊಂಡು, ಒಂದೇ ಸೋಂಕು ಕೆಲವರನ್ನು ಮಾತ್ರ ಏಕೆ ಕೊಲ್ಲುತ್ತದೆ ಎಂಬ ಪ್ರಶ್ನೆಯ ಹಿಂದೆ ಬಿದ್ದವನು. ಸಾಧಾರಣ ಹರ್ಪಿಸ್ ವೈರಸ್ ಮೆದುಳಿಗೇರಿದ ಇಬ್ಬರು ಮಕ್ಕಳಲ್ಲಿ ಟೋಲ್-3 ಜೀನು ಕೆಟ್ಟಿತ್ತೆಂದು ಅವನ ತಂಡ 2007ರಲ್ಲೇ ತೋರಿಸಿತ್ತು. ಕೋವಿಡ್ ಬಂದಾಗ, ಪ್ರಾಣಾಪಾಯದ ಸ್ಥಿತಿಗೆ ಹೋದ 987 ರೋಗಿಗಳ ರಕ್ತ ಪರೀಕ್ಷಿಸಿದರು. 101 ಮಂದಿಯಲ್ಲಿ, ಅಂದರೆ ಹತ್ತರಲ್ಲಿ ಒಬ್ಬರಲ್ಲಿ, ಅವರದೇ ಇಂಟರ್‌ಫೆರಾನನ್ನು ಹಿಡಿದು ನಿಷ್ಫಲಗೊಳಿಸುವ ಪ್ರತಿಕಾಯಗಳಿದ್ದವು. ಲಘುವಾಗಿ ಬಂದು ಹೋದ 663 ಮಂದಿಯಲ್ಲಿ ಒಬ್ಬರಲ್ಲೂ ಇರಲಿಲ್ಲ. ಆ 101ರಲ್ಲಿ 95 ಮಂದಿ ಗಂಡಸರು. ಇನ್ನೊಂದು ಗುಂಪಿನ 659 ತೀವ್ರ ರೋಗಿಗಳಲ್ಲಿ 23 ಮಂದಿಗೆ ಟೋಲ್-3 ಮೊದಲಾದ ಜೀನುಗಳಲ್ಲೇ ದೋಷವಿತ್ತು. ಮನೆಗೆ ಬೆಂಕಿ ಬಿದ್ದಿದೆ. ಕೆಲವರಿಗೆ ಅದು ಕಾಣಿಸಿಲ್ಲ, ಕೆಲವರು ಕೂಗಿದ್ದಾರೆ, ಆದರೆ ಅವರ ಬಾಯನ್ನು ಅವರದೇ ಕೈ ಮುಚ್ಚಿದೆ. ಯಾವ ಆಯುಧಗಳನ್ನು ಹೊಗಳಿ ನಾನು ಕರಿಹಲಗೆಯ ಮೇಲೆ ಬರೆದಿದ್ದೆನೋ ಅವೇ ಪ್ರತಿಕಾಯಗಳು!

ಅವನಿಗೆ ದೂರವಾಣಿ ಮಾಡಿ ಒಂದು ಗಂಟೆ ಮಾತಾಡಿದೆ. ನೊಣದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನಿಮ್ಮಣ್ಣನಿಗೆ ಆದದ್ದು ಇದೇ ಎಂದು ನಾನು ಹೇಳಲಾರೆ, ಹತ್ತರಲ್ಲಿ ಒಂಬತ್ತು ಜನರಿಗೆ ಕಾರಣ ಬೇರೆ. ಆದರೆ ಅವನು ಗಟ್ಟಿಯಾಗಿರಲಿಲ್ಲವೆಂದಾಗಲಿ, ನೀವು ನೋಡಿಕೊಂಡದ್ದು ಸಾಲದೆಂದಾಗಲಿ ಇದರ ಅರ್ಥವಲ್ಲ ಎಂದೆ. ಆ ಕಡೆಯಿಂದ ಬಹಳ ಹೊತ್ತು ಸದ್ದಿರಲಿಲ್ಲ.

"ಅಣ್ಣನ ಮಗ ಇದಾನೆ ಸರ್, ಇಪ್ಪತ್ತೆರಡು. ಅವನಿಗೇನಾದ್ರೂ ಪರೀಕ್ಷೆ ಮಾಡಿಸ್ಬಹುದಾ?"

ಅದು ಸದ್ಯಕ್ಕೆ ಸಂಶೋಧನಾಲಯಗಳಲ್ಲಿ ನಡೆಯುವ ಪರೀಕ್ಷೆ, ನಮ್ಮೂರಿನ ಲ್ಯಾಬುಗಳಲ್ಲಿ ಸಿಗುವಂಥದಲ್ಲ; ಲಸಿಕೆ ಬಂದೊಡನೆ ಮೊದಲು ಅವನಿಗೆ ಹಾಕಿಸು, ಉಳಿದದ್ದನ್ನು ವೈದ್ಯರ ಹತ್ತಿರ ಕೇಳು ಎಂದೆ. ಮರುವರ್ಷ ಲಸಿಕೆ ಹಾಕಿಸಿಕೊಂಡ ಹುಡುಗನ ಚಿತ್ರವನ್ನು ಕಳಿಸಿದ. ಎರಡು ದಿನ ಜ್ವರ, ಮೈಕೈ ನೋವು ಬಂದಿತ್ತಂತೆ.